ಓಟಿಪಿ ಕೊಡದ ಮನೆ

ಕೀಬೋರ್ಡು ಬದಲಾಯಿಸಿ, ಕೊನೆಯ ಸ್ಕ್ರೂ ಬಿಗಿದು, ಲ್ಯಾಪ್‌ಟಾಪ್ ಚಾಲೂ ಮಾಡಿ ತೋರಿಸಿ ಎಷ್ಟೋ ಹೊತ್ತಾಗಿತ್ತು. ಭಾಗ್ಯಾಳಿಗೆ ಬೇಕಿದ್ದದ್ದು ಇನ್ನೊಂದೇ: ಮನೆಯ ಯಜಮಾನ ಗುಣಪಾಲರ ಮೊಬೈಲಿಗೆ ಬಂದಿದ್ದ ಓಟಿಪಿ. ಗಿರಾಕಿ ಆ ನಂಬರು ಓದಿ ಹೇಳಿದರಷ್ಟೇ ಕಂಪನಿಯ ಲೆಕ್ಕದಲ್ಲಿ ರಿಪೇರಿ ಮುಗಿದಂತೆ. ಹೇಳದಿದ್ದರೆ ಅವಳು ನವಿ ಮುಂಬಯಿಯ ಖಾರಘರದ ಈ ಎತ್ತರದ ಫ್ಲ್ಯಾಟಿಗೆ ಬಂದೇ ಇಲ್ಲ. ಇವತ್ತು ಅವಳ ಟ್ರೇನಿಂಗಿನ ಕೊನೆಯ ದಿನ. ಒಂದು ಕಾಲ್, ಅಂದರೆ ಕಂಪನಿ ಒಪ್ಪಿಸಿದ ಒಂದು ರಿಪೇರಿ, ಬಾಕಿ ಉಳಿದರೂ ಕೆಲಸ ಖಾಯಂ ಇಲ್ಲ. ಹೊಸ ಬ್ಯಾಚಿನ ಜೊತೆ ಮತ್ತೆ ಮೊದಲಿಂದ, ಸಂಬಳವಿಲ್ಲದೆ. ಸ್ಕ್ರೂ ಕಳೆದರೂ ನಡೆದೀತು, ಓಟಿಪಿ ಬಿಟ್ಟು ಬರಬೇಡ ಎಂದು ಸೂಪರ್‌ವೈಸರ್ ಮನೀಶ ಬೆಳಿಗ್ಗೆಯೇ ಗದರಿಸಿ ಕಳಿಸಿದ್ದ.

ಕಲ್ಯಾಣದ ಮಿಠಾಯಿ ಅಂಗಡಿಯ ಮೇಲಿನ ಇನ್‌ಸ್ಟಿಟ್ಯೂಟಿನಲ್ಲಿ ಸತ್ತ ಕಂಪ್ಯೂಟರುಗಳ ಹೊಟ್ಟೆ ಬಿಚ್ಚಿ ಬಿಚ್ಚಿ ಕಲಿತವಳು ಅವಳು. ಯಾವ ವೈರು ಎಲ್ಲಿಗೆ, ಎಲ್ಲೆಲ್ಲಿ ಬೆರಳು ತಾಗಬಾರದು, ಎಲ್ಲ ಬಾಯಿಪಾಠ. ಗಿರಾಕಿಯ ಬಾಯಿಂದ ನಂಬರು ಹೇಗೆ ಹೊರಡಿಸಬೇಕೆಂದು ಮಾತ್ರ ಯಾವ ಮಾಸ್ತರನೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿ ಕೆಲಸ ಕೆಟ್ಟದ್ದು ಅವ್ವನ ಫೋನಿನಿಂದ. ಅಂಬರನಾಥದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಮಾನಮ್ಮ ಊಟದ ಬಿಡುವಿನಲ್ಲಿ ಫೋನ್ ಹಚ್ಚಿದ್ದಳು. "ಕೆಲಸದಾಗ ಇದ್ದೀನವ್ವಾ, ಆಮ್ಯಾಲ ಮಾತಾಡ್ತೀನಿ," ಎಂದು ಭಾಗ್ಯಾ ಇಟ್ಟಳು. ಅದುವರೆಗೆ ಹಿಂದಿಯಲ್ಲಿ 'ಮ್ಯಾಡಮ್, ಆಪ್' ಎನ್ನುತ್ತಿದ್ದ ಗುಣಪಾಲರ ಮುಖ ಅರಳಿತು.

"ಅಯ್ಯೋ ಮಾರಾಯ್ತಿ, ಕನ್ನಡದವಳಾ ನೀನು? ಮೊದಲೇ ಹೇಳ್ಬಾರ್ದಾ! ನಮ್ಮದು ಉಡುಪಿ. ವಾಶಿಯಲ್ಲಿ ಹೋಟೆಲುಂಟು. ಹಾಗಾದ್ರೆ ಈ ಪ್ರಿಂಟರೊಂದು ನೋಡಿಬಿಡು, ಆಯ್ತಾ? ನಮ್ಮವಳಲ್ವಾ."

ನೋಡಿದಳು. ಪ್ರಿಂಟರಾದ ಮೇಲೆ ಟಿವಿಗೆ ವೈಫೈ. ಅದಾದ ಮೇಲೆ ಮದುವೆಯ ಫೋಟೊಗಳನ್ನೆಲ್ಲ ಮೊಬೈಲಿನಿಂದ ಲ್ಯಾಪ್‌ಟಾಪಿಗೆ. ಓಟಿಪಿ ಕೇಳಿದರೆ, "ಕೊಡುವಾ, ಓಡಿಹೋಗ್ತದಾ ಅದು?" ಟಿವಿ ಬಂದದ್ದೇ ತಡ, ಅವರ ತಾಯಿ ಚಂಪಮ್ಮ ಧಾರಾವಾಹಿ ಹಾಕಿಕೊಂಡು ಸೋಫಾದಲ್ಲಿ ಕೂತರು. ಒಂದು ಲೋಟ ನೀರು ಬೇಕಾ ಎಂದು ಯಾರೂ ಕೇಳಲಿಲ್ಲ. ಗುಣಪಾಲರು ಕೇಳಿದ್ದು ಬೇರೆಯದನ್ನು.

"ನಿಮ್ಮದು ಎಲ್ಲಿ?"

"ಠಾಕುರ್ಲಿ ರೀ. ಮೂಲ ರಾಯಚೂರ ಕಡೆ."

"ಊರು ಗೊತ್ತಾಯ್ತು. ಜನ ಯಾವ ಪೈಕಿ?"

"ಸರ್ವಿಸ್ ಕಂಪನಿ ಪೈಕಿ ರೀ. ಓಟಿಪಿ ಹೇಳ್ರಿ ಸರ್."

ಗುಣಪಾಲರು ನಕ್ಕರು. ನಗುತ್ತಲೇ ಅವಳ ಟೂಲ್ ಬ್ಯಾಗನ್ನು ಕಾಲಿನಿಂದ ಸೋಫಾದಾಚೆ ಸರಿಸಿದರು.

"ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರ್ ಸಹ ಸ್ಲೋ ಉಂಟು. ನೀನು ಲೋಕಲ್ ಹಿಡಿದು ವಾಶಿಗೆ ಬಾ, ನಾನು ಕಾರಲ್ಲಿ ಬರ್ತೇನೆ. ಅಲ್ಲೇ ಕೊಡ್ತೇನೆ ನಿನ್ನ ಓಟಿಪಿ."

ನಮ್ಮವಳಂತೆ! ಪುಕ್ಕಟೆ ದುಡಿಯುವುದಕ್ಕೆ ನಮ್ಮವಳು. ಕೂರುವುದಕ್ಕೆ, ಕುಡಿಯುವುದಕ್ಕೆ, ಕಾರು ಹತ್ತುವುದಕ್ಕೆ ಯಾರೋ ಬೇರೆಯವಳು. ಭಾಗ್ಯಾ ಲ್ಯಾಪ್‌ಟಾಪ್ ಎಳೆದುಕೊಂಡು ಪ್ರಿಂಟರನ್ನು ಅದರಿಂದ ತೆಗೆದುಹಾಕಿದಳು.

"ಏ, ಎಂತ ಮಾಡ್ತಿದ್ದಿ?"

"ನನ್ನ ಕಾಲ್‌ನಾಗ ಇದ್ದದ್ದು ಕೀಬೋರ್ಡ್ ಅಷ್ಟೇ ರೀ. ಉಳಿದದ್ದು ಹೆಂಗಿತ್ತೋ ಹಂಗ ಮಾಡಿ ಹೋಗ್ತೀನಿ."

ರಿಮೋಟ್ ಎತ್ತಿಕೊಂಡು ಟಿವಿಯ ವೈಫೈಯನ್ನೂ ಕಳಚಿದಳು. ಧಾರಾವಾಹಿಯ ಸೊಸೆ ಬಾಯಿ ತೆರೆದಲ್ಲೇ ನಿಂತಳು.

"ಅಯ್ಯೋ ದೇವರೇ, ಅತ್ತೆಗೆ ಈಗ ಗೊತ್ತಾಗ್ತಿತ್ತು!" ಚಂಪಮ್ಮ ಕೂಗಿದರು. "ಗುಣಪಾಲಾ, ಅದೆಂತ ನಂಬರೋ ಕೊಟ್ಟು ಸಾಯಿ ಮಾರಾಯ!"

"ಕಂಪ್ಲೇಂಟ್ ಮಾಡ್ತೇನೆ ಇವಳ ಮೇಲೆ!"

"ಮಾಡ್ರಿ. ಕೀಬೋರ್ಡ್ ನಡೀಲಿಕತ್ತದಂತ ಅದನ್ನೂ ಹೇಳ್ರಿ."

"ಕೊಡ್ತೀಯೋ ಇಲ್ವೋ?" ಚಂಪಮ್ಮ ಮತ್ತೆ ಗುಡುಗಿದರು. ಗುಣಪಾಲರು ಒಂದೊಂದು ಅಂಕಿಯನ್ನೂ ಉಗುಳುವಂತೆ ಹೇಳಿದರು. ಕಾಲ್ ಮುಗಿಯಿತು. ಭಾಗ್ಯಾ ಬ್ಯಾಗ್ ಹೆಗಲಿಗೇರಿಸಿದಳು.

"ಹುಡುಗೀ, ಟಿವಿ?"

"ಪಾಸ್‌ವರ್ಡ್ ನಿಮ್ಮ ಮಗಗ ಗೊತ್ತದ ರೀ ಅಮ್ಮಾ. ಅವರು ನಿಮ್ಮವರೇ ಅಲ್ಲೇನ್ರಿ?"

ಲಿಫ್ಟ್ ಕೆಳಗಿಳಿಯುವಷ್ಟರಲ್ಲಿ ರೇಟಿಂಗ್ ಬಿದ್ದಿತ್ತು: ಒಂದೇ ಸ್ಟಾರ್. ಹಿಂದೆಯೇ ಮನೀಶನ ಫೋನ್, ಏನು ಮಾಡಿದೆ ಎಂದು.

"ಕಾಲ್ ಕ್ಲೋಸ್, ತೂ ಪರ್ಮನೆಂಟ್! ಲೇಕಿನ್ ಏಕ್ ಸ್ಟಾರ್? ಕ್ಯಾ ಕಿಯಾ ತೂನೇ?"

"ಕೀಬೋರ್ಡ್ ಬದ್ಲಾ, ಸರ್."

"ಅಚ್ಛಾ ಸುನ್, ಬಾಜೂ ಕೀ ಬಿಲ್ಡಿಂಗ್ ಮೇ ಔರ್ ಏಕ್ ಕಾಲ್ ಹೈ. ಕನ್ನಡವಾಲೇ ಹೈ, ತೇರೇ ಹೀ ಲೋಗ್. ಆಸಾನ್ ರಹೇಗಾ."

ನಿನ್ನದೇ ಜನ, ಸಲೀಸಾಗುತ್ತದೆ ಎಂದು ಮನೀಶ ಹೇಳಿದ ಪಕ್ಕದ ಕಟ್ಟಡದ ಆ ಕನ್ನಡದವರ ಮನೆಯ ಬಾಗಿಲ ಮುಂದೆ ಭಾಗ್ಯಾ ನಿಂತು, ಅವ್ವನ ಫೋನು ಬಂದರೂ ಸದ್ದಾಗದಂತೆ ಮೊಬೈಲನ್ನು ಸೈಲೆಂಟ್ ಮಾಡಿದಳು. ಆಮೇಲೆ ಬೆಲ್ ಒತ್ತಿದಳು.

"ನಮಸ್ತೇ ಜೀ," ಎಂದಳು ಹಿಂದಿಯಲ್ಲೇ. "ಲ್ಯಾಪ್‌ಟಾಪ್ ಕಹಾಂ ಹೈ?"