ಕೀಲಿ ಯಾರ ಹತ್ತಿರ

ಕೀಟನಾಶಕವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಆತ್ಮಹತ್ಯೆ ಕಡಿಮೆಯಾಗುತ್ತದೆಯೇ ಎಂಬುದು ನಮ್ಮ ಪ್ರೊಫೆಸರರ ಸಂಶೋಧನೆ. ಹೂ ಬೆಳೆಯುವವರ ಮನೆಮನೆಗೂ ಪೆಟ್ಟಿಗೆ ಹಂಚಿ ಅವರು ಫ್ಯಾನಿನ ಕೆಳಗೆ ಕೂತರು. ಬಿಸಿಲಲ್ಲಿ ಅಲೆದು ತಪಾಸಣೆ ಮಾಡುವ ಕರ್ಮ ನನ್ನದು. ಒಬ್ಬಳು ಅತ್ತೆ ಪೆಟ್ಟಿಗೆಯಲ್ಲಿ ಸಕ್ಕರೆ ಇಟ್ಟು ಬೀಗ ಜಡಿದಿದ್ದಳು. ವಿಷದ ಡಬ್ಬಿ ಮಂಚದ ಕೆಳಗೆ ಆರಾಮಾಗಿತ್ತು. ಅಲ್ಲಿ ಗಂಟಲು ಕಟ್ಟುವಷ್ಟು ಬೈದು ಮುಂದಿನ ಮನೆಗೆ ಬಂದಾಗ ನನ್ನ ತಲೆ ಕಾದಿತ್ತು.

ಈ ಮನೆಯಾಕೆ ಹೋದ ವರ್ಷ ವಿಷ ಕುಡಿದು, ಹೇಗೋ ಬದುಕಿ ಬಂದವಳು. ಪೆಟ್ಟಿಗೆ ಗೋಡೆಗೆ ಬಿಗಿದಿತ್ತು, ಬೀಗವೂ ಇತ್ತು. ಕೀಲಿ ಮಾತ್ರ ಇರಲಿಲ್ಲ.

"ಪಕ್ಕದ ಮನೇಲಿದೆ," ಎಂದಳು. "ನನ್ನ ವಾರಗಿತ್ತಿ ಕಿತ್ಕೊಂಡು ಹೋದ್ಲು."

"ಕೀಲಿ ನಿಮ್ಮ ಯಜಮಾನ್ರ ಹತ್ರಾನೇ ಇರಬೇಕು ಅಂತ ನಿಯಮ ಇದೆಯಲ್ಲ!"

"ಅವ್ರಾ? ಸೋಪಿನ ಡಬ್ಬಿ ಮೇಲಿಟ್ಟು ಮರೀತಾರೆ."

ಆಮೇಲೆ ತಾನಾಗಿಯೇ ಹೇಳಿದಳು. "ಹೋದ ತಿಂಗಳು ಮತ್ತೆ ಹಾಗೇ ಅನ್ನಿಸ್ತು. ಕೀಲಿ ಕೇಳೋಕೆ ಹೋದೆ. 'ಗಂಡ ಊರಲ್ಲಿಲ್ಲ, ಯಾವ ಗಿಡಕ್ಕೆ ಹೊಡೀತೀಯೇ?' ಅಂದ್ಲು. ಅಲ್ಲಿಂದ ಶುರು ನೋಡಿ. ನನ್ನ ಮದುವೇಲಿ ಅವಳ ತಮ್ಮನಿಗೆ ಕುರ್ಚಿ ಹಾಕಲಿಲ್ಲವಂತೆ! ನಾನೇನು ಬಿಡ್ತೀನಾ? ಕತ್ತಲಾಗೋವರೆಗೂ ಕಿತ್ತಾಡಿದ್ವಿ. ಹೊಟ್ಟೆ ಚುರುಗುಟ್ತು, ಬಂದು ಉಂಡು ಮಲಗಿದೆ. ಅವಳಿಗೆ ಸರಿಯಾಗಿ ಒಂದು ಉತ್ತರ ಕೊಡದೆ ಸಾಯೋಕಾಗುತ್ತಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಬಿಟ್ಟು ಅವಳು ಕೊಟ್ಟ ಚಹಾ ಕುಡಿದೆ.

ಹೊರಗೆ ಬಂದರೆ ಗೇಟಿನ ಬಳಿ ವಾರಗಿತ್ತಿ ಕಾದಿದ್ದಳು. ಕುತ್ತಿಗೆಯ ದಾರದಲ್ಲಿ ಕೀಲಿ.

"ಕೀಲಿ ವಾಪಸ್ ಕೊಡಿ ಅಂತೀರಾ? ಕೊಡಲ್ಲ, ಏನ್ ಮಾಡ್ಕೊಳ್ತೀರೋ ಮಾಡ್ಕೊಳ್ಳಿ," ಎಂದು ಜೋರು ಮಾಡಿದವಳು, ತಟ್ಟನೆ ದನಿ ತಗ್ಗಿಸಿದಳು. "ಅವತ್ತು ಅವಳನ್ನ ಹೊತ್ಕೊಂಡು ಓಡಿದ್ದು ನಾನೇ. ಅವಳು ಸುಮ್ಮನಿದ್ರೆ ನಂಗೆ ಭಯ ಆಗುತ್ತೆ. ದಿನಾ ಏನಾದ್ರೂ ಕೆದಕ್ತೀನಿ. ಹಳೇ ಜಗಳ ಎಲ್ಲಾ ಮುಗೀತಾ ಬಂತು. ಬೆಳಗಿಂದ ಅವಳ ದನೀನೇ ಕೇಳಿಲ್ಲ. ಇವತ್ತಿಗೆ ಒಂದೂ ಹೊಳೀತಿಲ್ಲ."

ಅವಳ ಕಣ್ಣು ತುಂಬಿತ್ತು. ನಿಯಮದ ಮನೆ ಹಾಳಾಗಲಿ ಎಂದುಕೊಂಡೆ.

"ನೀವು ಮಾಡೋ ಚಹಾ ಪಾತ್ರೆ ತೊಳೆದ ನೀರಿನ ಹಾಗಿರುತ್ತಂತೆ," ಎಂದೆ. "ಈಗ ತಾನೇ ಹೇಳಿದ್ರು."

"ಹಾಗಂದ್ಲಾ?" ಅವಳ ಮುಖ ಅರಳಿತು. ತೋಳೇರಿಸಿಕೊಂಡು, "ಏನೇ ಅಂದೆ ನನ್ನ ಚಹಾನ?" ಎಂದು ಕೂಗುತ್ತಾ ಒಳಗೆ ನುಗ್ಗಿದಳು.

ಒಳಗೆ ಒಂದು ಕ್ಷಣ ಸದ್ದಿಲ್ಲ. ಹುಸಿ ಹೇಳಿ ಕೆಡಿಸಿದೆನೇನೋ ಎಂದು ನಾನೂ ಗೇಟಿನೊಳಗೆ ಕಾಲಿಟ್ಟೆ.

ಆಮೇಲೆ ಕೇಳಿಸಿತು, ಓಣಿಯ ಆ ತುದಿಗೂ ಮುಟ್ಟುವಂತೆ: "ಹೂಂ, ಅಂದೆ! ಏನೀಗ?"