ಶಕರ್ಮೊ ಬಿಟ್ಟುಹೋದ ಟೋಪಿ

ನನ್ನ ಓರಗಿತ್ತಿ ಶಕರ್ಮೊ ಹಿಮದ ಕೆಳಗೆ ಸಿಕ್ಕಿ ಸತ್ತ ದಿನದಿಂದ ನಾನು ಎಡಗಾಲು ಕುಂಟುತ್ತಿದ್ದೆ. ಕಾಲಿಗೆ ಏನೂ ಆಗಿರಲಿಲ್ಲ.

ಆ ದಿನ ಕೆಳಗಿನ ಹಳ್ಳಿಗೆ ಹೋಗಿ ನೂಲು ತರುವ ಸರದಿ ನನ್ನದು. ರಾತ್ರಿಯೆಲ್ಲ ಹೊಸ ಹಿಮ ಬಿದ್ದಿತ್ತು. ಒಲೆ ಹದವಾಗಿ ಉರಿಯುತ್ತಿತ್ತು. ಉಪ್ಪು ಹಾಕಿದ ಹಾಲಿನ ಚಹಾದಲ್ಲಿ ರೊಟ್ಟಿ ಮುರಿದು ಹಾಕಿಕೊಂಡು ಕೂತಿದ್ದ ನನಗೆ ಏಳಲು ಮನಸ್ಸೇ ಬರಲಿಲ್ಲ. "ಅಕ್ಕಾ, ನಿನ್ನೆ ಹಟ್ಟಿಯಲ್ಲಿ ಕಾಲು ಉಳುಕಿಬಿಡ್ತು ಕಣೇ," ಅಂದೆ. ಅವಳು ನಂಬಿದಳು. ನಂಬಿ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಜರ್ದಾಲು ಬೀಜದ ಎಣ್ಣೆ ಬಿಸಿ ಮಾಡಿ, ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜಿದಳು. "ಎಲ್ಲೇ ನೋವು? ಇಲ್ಲೇನಾ?" ಎಂದಾಗ "ಅಯ್ಯೋ, ಅಲ್ಲೇ ಅಲ್ಲೇ!" ಎಂದು ಚೀರಿದೆ. ಒಳಗೊಳಗೇ ನಗುತ್ತಿದ್ದೆ, ಪಾಪಿ.

ಅವಳು ಮಗಳು ಸವ್ಸನ್‌ಗೆ ಚಳಿಗಾಲದ ಟೋಪಿ ಹೆಣೆಯುತ್ತಿದ್ದಳು. ಅರ್ಧಕ್ಕೆ ನೂಲು ಮುಗಿದಿತ್ತು. ಸೈಕಲ್ ಕಡ್ಡಿ ಬಗ್ಗಿಸಿ ಮಾಡಿದ ಕೊಕ್ಕೆಯನ್ನು ಟೋಪಿಗೇ ಚುಚ್ಚಿ, ಕಂಬದ ಪಕ್ಕದ ಹಲಗೆಯ ಮೇಲಿಟ್ಟಳು. "ಮಧ್ಯಾಹ್ನದೊಳಗೆ ಬಂದ್ಬಿಡ್ತೀನಿ. ಸವ್ಸನ್, ಚಿಕ್ಕಮ್ಮನ ಕಾಲು ನೋಡ್ಕೊ ಪುಟ್ಟಾ. ಓಡಾಡೋಕೆ ಬಿಡಬೇಡ ಅವಳನ್ನ," ಎಂದು ಹೇಳಿ ಹೋದಳು.

ವಾಪಸ್ ಬರುವಾಗ ಮೇಲಿನ ಗುಡ್ಡದ ಹಿಮ ಜಾರಿತು. ಮೂರನೆಯ ದಿನ ಸಿಕ್ಕಳು. ಬೆನ್ನಿಗೆ ಕಟ್ಟಿಕೊಂಡಿದ್ದ ಗಂಟಿನಲ್ಲಿ ಕಂದು ನೂಲು ಒಂದಿಷ್ಟೂ ನೆನೆಯದೆ ಹಾಗೇ ಇತ್ತು. ಮನೆಯ ಗಂಡಸರಿಬ್ಬರೂ ಮಾಸ್ಕೋದಲ್ಲಿ ಗಾರೆ ಕೆಲಸದಲ್ಲಿದ್ದರು. ದಾರಿ ಮುಚ್ಚಿದ್ದರಿಂದ ಮಣ್ಣಿಗೂ ಬರಲಾಗಲಿಲ್ಲ. ಅತ್ತೆ, ನಾನು, ಏಳು ವರ್ಷದ ಸವ್ಸನ್ ಮೂವರೇ ಉಳಿದೆವು.

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ನನ್ನ ಸುಳ್ಳಿಗೆ ಒಂದು ಕಾಲಿತ್ತು, ಅದನ್ನು ಎಳೆದುಕೊಂಡೇ ತಿರುಗಬೇಕಾಯಿತು. ಸಾವಿನ ಮನೆಗೆ ಬಂದ ಹೆಂಗಸರು ನನ್ನ ಕಾಲು ನೋಡಿ ಲೊಚಗುಟ್ಟುತ್ತಿದ್ದರು. ನೆಟ್ಟಗೆ ನಡೆದರೆ ಏನೆಂದು ಹೇಳಲಿ? ಕುಂಟಿದೆ.

ಮಣ್ಣು ಮಾಡಿದ ವಾರಕ್ಕೆ ಅತ್ತೆ ಆ ಟೋಪಿಯನ್ನು ನನ್ನ ಮಡಿಲಿಗೆ ಹಾಕಿದರು.

"ಸತ್ತೋರ ಕೈಕೆಲಸ ಅರ್ಧಕ್ಕೆ ನಿಲ್ಲಬಾರ್ದು ಕಣೇ ನುಕ್ರಾ. ನಲವತ್ತನೇ ದಿನದೊಳಗೆ ಮುಗಿಸು. ಇಲ್ದಿದ್ರೆ ಆ ಕೈ ಅದನ್ನ ಹುಡುಕ್ಕೊಂಡು ಮನೆಗೆ ಬರುತ್ತೆ."

"ಮಗು ಮುಂದೆ ಎಂಥ ಮಾತು ಅತ್ತೆ!"

"ಮಗೂಗೇನು ಗೊತ್ತಾಗುತ್ತೆ? ನೀನು ಮೊದ್ಲು ಕೊಕ್ಕೆ ಹಿಡಿ. ಕಾಲಿಗೆ ನೋವು, ಕೈಗಲ್ವಲ್ಲ."

ಸವ್ಸನ್ ಒಣ ಹಿಪ್ಪುನೇರಳೆ ಮೆಲ್ಲುತ್ತಾ ಅಲ್ಲೇ ಕೂತಿದ್ದಳು.

ಟೋಪಿಯ ಮೇಲೂ ಹಿಪ್ಪುನೇರಳೆಯೇ. ಒಂದೇ ತೂತಿನಿಂದ ಐದು ಕುಣಿಕೆ ಎತ್ತಿ, ಐದನ್ನೂ ಒಟ್ಟಿಗೆ ಬಿಗಿದರೆ ಹಣ್ಣಿನ ಹಾಗೆ ಉಬ್ಬಿ ನಿಲ್ಲುತ್ತದೆ. ನೆತ್ತಿಯಿಂದ ಶುರುವಾಗಿ ಸುತ್ತುಸುತ್ತಾಗಿ ಕಿವಿಯವರೆಗೆ ಇಳಿಯಬೇಕು. ಆದರೆ ಶಕರ್ಮೊ ಎಡಚಿ. ಊರಿನ ಎಲ್ಲರ ಸುತ್ತು ಒಂದು ದಿಕ್ಕಿಗೆ ಹೋದರೆ ಅವಳದು ಇನ್ನೊಂದು ದಿಕ್ಕಿಗೆ. ನನ್ನ ಬಲಗೈಯಲ್ಲಿ ಮುಂದುವರಿಸಬೇಕಾದರೆ ಟೋಪಿಯನ್ನು ಒಳಹೊರಗು ಮಾಡಬೇಕು. ಹಾಗೆ ಮಾಡಿದರೆ ಉಬ್ಬುಗಳೆಲ್ಲ ಒಳಗೆ ಬೀಳುತ್ತವೆ. ಅವಳ ನೂಲಿನ ತುದಿಗೆ ಕಂದು ನೂಲನ್ನು ಗಂಟು ಹಾಕಿ, ಕೊಕ್ಕೆಯನ್ನು ಎಡಗೈಗೆ ತೆಗೆದುಕೊಂಡೆ. ಹಿಮದೊಳಗೆ ಮೂರು ದಿನ ಅವಳ ಬೆನ್ನಿಗೆ ಅಂಟಿಕೊಂಡಿದ್ದ ನೂಲು ಅದು.

ಸಂಜೆಯವರೆಗೆ ಒದ್ದಾಡಿ ಎರಡು ಸುತ್ತು ಹೆಣೆದೆ. ಹಾಲು ಕರೆಯಲು ಹೋಗಿ ಬರುವಷ್ಟರಲ್ಲಿ ಎರಡೂ ಬಿಚ್ಚಿಹೋಗಿದ್ದವು, ಸರಿಯಾಗಿ ಆ ಗಂಟಿನವರೆಗೆ.

ಬೆಕ್ಕಿನ ಕೆಲಸ ಅಂದುಕೊಂಡೆ. ಆಮೇಲೆ ಪಕ್ಕದಲ್ಲಿದ್ದ ಉಂಡೆ ಕಣ್ಣಿಗೆ ಬಿತ್ತು. ಬಿಚ್ಚಿದ ನೂಲನ್ನು ಎರಡು ಬೆರಳ ಮೇಲೆ ಸುತ್ತಿ, ನಡುವೆ ತೂತು ಬಿಟ್ಟು, ಅಚ್ಚುಕಟ್ಟಾಗಿ ಇಟ್ಟಿತ್ತು. ಈ ಊರಲ್ಲಿ ಹಾಗೆ ಸುತ್ತುತ್ತಿದ್ದವಳು ಶಕರ್ಮೊ ಒಬ್ಬಳೇ.

ಯಾರಿಗೂ ಹೇಳಲಿಲ್ಲ, ಮತ್ತೆ ಹೆಣೆದೆ. ಮೂರು ದಿನ ಬಿಟ್ಟು ಮತ್ತೆ ಬಿಚ್ಚಿತ್ತು. ಮತ್ತೆ ಅದೇ ಗಂಟಿನವರೆಗೆ, ಮತ್ತೆ ಅದೇ ತೂತಿನ ಉಂಡೆ. ನಾಲ್ಕನೆಯ ಸಲಕ್ಕೆ ಅತ್ತೆಯೂ ನೋಡಿಬಿಟ್ಟರು. ಕೆಟ್ಟದ್ದನ್ನು ಓಡಿಸುವ ಇಸ್ಪಂದ್ ಬೀಜ ಕೆಂಡಕ್ಕೆ ಹಾಕಿ ಮನೆಯ ಐದೂ ಕಂಬಗಳಿಗೆ ಹೊಗೆ ಹಿಡಿದರು.

"ನಿನ್ನ ಕೈ ಅವಳಿಗೆ ಬೇಡವಾಗಿದೆ," ಅಂದರು. "ಏನಾದ್ರೂ ಜಗಳ ಆಡಿದ್ಯೇನೇ?"

"ಇಲ್ಲ ಅತ್ತೆ," ಅಂದೆ. ಅದು ನಿಜವೇ. ಜಗಳವಾಡುವಂಥ ಹೆಂಗಸಲ್ಲ ಅವಳು, ಸುಳ್ಳು ಕಾಲಿಗೆ ಎಣ್ಣೆ ಉಜ್ಜಿದವಳು. ಈಗ ಅವಳಿಗೆ ಎಲ್ಲಾ ಗೊತ್ತಾಗಿದೆ, ನಾನು ಮುಟ್ಟಿದ್ದು ಮಗಳ ತಲೆಗೆ ಬೇಡ ಅನ್ನುತ್ತಿದ್ದಾಳೆ ಅಂತಲೇ ನಂಬಿದೆ. ಹಲಗೆಯ ಕಡೆ ಬೆನ್ನು ತಿರುಗಿಸಲು ಹೆದರಿಕೆ. ಹಟ್ಟಿಯ ಬಾಗಿಲು ಕಿರ್ರೆಂದರೆ ಎಣ್ಣೆ ಬಟ್ಟಲು ಹಿಡಿದು ಬಂದಳೇನೋ ಅನ್ನಿಸುತ್ತಿತ್ತು.

ಮೂವತ್ತೊಂಬತ್ತನೆಯ ದಿನ ಬೆಳಿಗ್ಗೆ, ಹೆಣಿಗೆ ಮುಗಿಯಲು ಒಂದೇ ಸುತ್ತು ಬಾಕಿಯಿತ್ತು. ಟೋಪಿಯನ್ನು ಹಲಗೆಯ ಮೇಲಿಟ್ಟು, ಮಾಡಿನ ಹಿಮ ತಳ್ಳಲು ಏಣಿ ಹತ್ತಿದೆ. ನಡುಮಾಡಿನ ಬೆಳಕಿಂಡಿಯ ಸುತ್ತ ಸಲಿಕೆಯಿಂದ ಹಿಮ ಸರಿಸುತ್ತಾ ಕೆಳಗೆ ಇಣುಕಿದೆ.

ಕಂಬದ ಪಕ್ಕದಲ್ಲಿ ಶಕರ್ಮೊಳ ಕೆಂಪು ಶಾಲು ಕೂತಿತ್ತು.

ಶಾಲಿನೊಳಗಿಂದ ಎಡಗೈ ಹೊರಬಂತು, ನೂಲೆಳೆಯಿತು. ಒಂದೊಂದೇ ಹಿಪ್ಪುನೇರಳೆ ಪಟಪಟನೆ ಬಿಚ್ಚುತ್ತಾ ಹೋಯಿತು. ಆಗ ಕಂಡೆ, ಕೈ ತೀರ ಚಿಕ್ಕದು. ಉಗುರಿನ ತುಂಬ ಒಲೆಯ ಮಸಿ.

ಏಣಿ ಹೇಗೆ ಇಳಿದೆನೋ ತಿಳಿಯದು. ಬಾಗಿಲು ತಳ್ಳಿದಾಗ ಸವ್ಸನ್ ಅಮ್ಮನ ಶಾಲು ಹೊದ್ದು, ಎರಡು ಬೆರಳ ಮೇಲೆ ನೂಲು ಸುತ್ತುತ್ತಿದ್ದಳು.

"ಯಾಕೇ ಬಿಚ್ತಿದೀಯಾ? ಯಾರೇ ಹೇಳಿಕೊಟ್ಟಿದ್ದು ಹೀಗೆ ಸುತ್ತೋಕೆ?"

"ಅಮ್ಮ."

"ನಿನಗೇ ಅಲ್ವೇನೇ ಆ ಟೋಪಿ? ಬೇಡ್ವಾ?"

"ಬೇಕು. ಆದ್ರೆ ಮುಗಿದ್ರೆ ಅಮ್ಮ ಬರಲ್ವಲ್ಲ," ಅಂದಳು, ನನಗೆ ಅಷ್ಟೂ ತಿಳಿಯದೇ ಅನ್ನುವಂತೆ. "ಅಜ್ಜಿನೇ ಹೇಳಿದ್ದು. ಅರ್ಧ ಇದ್ರೆ ಹುಡುಕ್ಕೊಂಡು ಬರ್ತಾಳಂತೆ. ನೀನು ಹೆಣೆದಾಗೆಲ್ಲ ನನಗೆ ಭಯ ಆಗುತ್ತೆ ಚಿಕ್ಕಮ್ಮ."

ನಾನು ಅವಳ ಪಕ್ಕದಲ್ಲಿ ಕೂತೆ. ಯಾವ ಮಾತಿಗೆ ನಾನು ಹಗಲಿಡೀ ನಡುಗುತ್ತಿದ್ದೆನೋ ಅದೇ ಮಾತನ್ನು ಹಿಡಿದುಕೊಂಡು ಈ ಹುಡುಗಿ ದಾರಿ ಕಾಯುತ್ತಿದ್ದಳು.

"ಬಂದ್ರೆ ಏನು ಹೇಳ್ತೀಯಾ ಪುಟ್ಟಾ?"

"ನಿನ್ನ ಕಾಲು ವಾಸಿಯಾಯ್ತು ಅಂತ. ನೋಡ್ಕೊ ಅಂದಿದ್ಲಲ್ಲ, ನೋಡ್ಕೊಂಡೆ. ಅವಳು ಹೋದ್ಲಲ್ಲ, ಅವತ್ತೇ ವಾಸಿಯಾಗಿತ್ತು. ಹಟ್ಟಿಗೆ ನೀನು ಓಡ್ಕೊಂಡು ಹೋಗಿದ್ದು ನಾನು ಕಂಡೆ. ಯಾರೂ ಇಲ್ದಾಗ ಈಗ್ಲೂ ನೆಟ್ಟಗೇ ನಡೀತೀಯಲ್ಲ." ಉಂಡೆಯನ್ನು ಹಲಗೆಯ ಮೇಲಿಟ್ಟಳು. "ಎಣ್ಣೆ ಚೆನ್ನಾಗಿ ಉಜ್ಜಿದ್ಲು ಅಲ್ವಾ? ಕೇಳಿದ್ರೆ ಅಮ್ಮಂಗೆ ಎಷ್ಟು ಖುಷಿಯಾಗುತ್ತೆ!"

ಅವಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡೆ. ಶಾಲಿನಲ್ಲಿ ಇನ್ನೂ ಜರ್ದಾಲು ಎಣ್ಣೆಯ ವಾಸನೆ ಇತ್ತು.

ನಲವತ್ತನೆಯ ದಿನ ಊರಿನ ಹೆಂಗಸರು ಬಂದು ಸುತ್ತ ಕೂತರು. ದೊಡ್ಡ ಕಡಾಯಿಯಲ್ಲಿ ಗೋಧಿ ಮತ್ತು ಮಾಂಸ ಬೇಯುತ್ತಿತ್ತು. ಅತ್ತೆ ಹಲಗೆಯಿಂದ ಟೋಪಿ ತೆಗೆದರು. ಗಂಟಿನವರೆಗೆ ಬಿಚ್ಚಿದ ಅದನ್ನು ನೋಡಿ ಮುಖ ಬಿಳುಪೇರಿತು.

"ನುಕ್ರಾ, ಇವತ್ತು ಕೊನೇ ದಿನ ಕಣೇ. ಎಲ್ರೂ ಸೇರಿ ಕೂತು ಸಂಜೆಯೊಳಗೆ ಮುಗಿಸೋಣ. ಇಲ್ಲಾಂದ್ರೆ ಬಂದೇ ಬರ್ತಾಳೆ."

"ಬರ್ಲಿ ಅತ್ತೆ," ಅಂದೆ. "ಮುಗಿಸೋದು ಬೇಡ. ನನಗೂ ಅವಳ ಹತ್ರ ಒಂದು ಮಾತು ಹೇಳೋದಿದೆ."

ಅವರ ಕೈಯಿಂದ ಟೋಪಿ ತೆಗೆದುಕೊಂಡು, ಕೊಕ್ಕೆಯನ್ನು ಅವಳು ಚುಚ್ಚಿದ್ದ ಜಾಗದಲ್ಲೇ ಚುಚ್ಚಿ ಹಲಗೆಯ ಮೇಲಿಟ್ಟೆ. ಹಾಲು ಕರೆಯುವ ಹೊತ್ತಾಗಿತ್ತು. ಬಕೆಟ್ಟು ಹಿಡಿದು, ಅಷ್ಟೂ ಹೆಂಗಸರ ನಡುವೆ, ಅತ್ತೆಯ ಕಣ್ಣೆದುರೇ ನೆಟ್ಟಗೆ ನಡೆದುಕೊಂಡು ಹಟ್ಟಿಗೆ ಹೋದೆ.