ಎರಡು ಒಲೆಯ ಸೀರೆ

ನಾನು ಒಂದು ಇಳಕಲ್ ಸೀರೆ. ಹುಟ್ಟಿದ್ದು ಕುಣಿಮಗ್ಗದಲ್ಲಿ. ನನ್ನ ಒಡಲು ಹತ್ತಿ, ಸೆರಗು ರೇಷ್ಮೆ. ನೇಯ್ದವನು ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಗೆ ಕೊಂಡಿ ಹಾಕಿ ಕೂಡಿಸಿದ್ದ. ಹಾಗಾಗಿ ಸೀರೆ ಒಂದೇ ಆದರೂ ನನಗೆ ಎರಡು ಮೈ, ಎರಡು ಸ್ವಭಾವ.

ಮೊದಲು ಉಟ್ಟವಳು ಗಜೇಂದ್ರಗಡದ ನಿಂಬೆವ್ವ. ಚೊಚ್ಚಲ ಬಸುರಿಗೆ ಉಡಿ ತುಂಬುವ ಕುಬಸದ ದಿನ, ಅವಳಿಗೆ ತವರಿನಿಂದ ಬಂದ ಹಸಿರು ಸೀರೆ ನಾನು. ಆಗ ನನ್ನ ಒಡಲು ಗಿಳಿಯ ರೆಕ್ಕೆ, ಸೆರಗು ಕುಂಕುಮ. ಮುಂದೆ ಅವಳ ಮಗಳು ಬಾಳವ್ವನೂ ತನ್ನ ಕುಬಸಕ್ಕೆ ನನ್ನನ್ನೇ ಉಟ್ಟಳು. ಆಮೇಲೆ ಟ್ರಂಕಿನ ತಳ ಸೇರಿದೆ. ಒಡಲು ಒಣಹುಲ್ಲಿನಂತಾಯಿತು, ಸೆರಗು ಹಳೆಯ ಇಟ್ಟಿಗೆಯಂತೆ ಮಾಸಿತು.

ಬಾಳವ್ವನ ಹಿರಿಮಗಳು ಶಿವಲೀಲಾ ಬಸುರಿಯಾದಾಗ, "ನಮ್ಮಜ್ಜಿ ಸೀರಿನ ಉಡಾಕಿ ನಾ" ಎಂದು ಹಟ ಹಿಡಿದಳು. ಮನೆಗೆ ಬಂದಿದ್ದ ಅವಳ ಅತ್ತೆ ದಾನವ್ವ ನನ್ನನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಳು.

"ಏನ್ರಿ ಬೀಗತಿ, ಇದನ್ನ ಉಟಗೊಂಡು ನಮ್ಮ ಸೊಸಿ ಕುಬಸಕ್ಕ ಕುಂದರಬೇಕೇನು? ನಮ್ಮ ಮನಿ ಒಲಿ ಒರಸೋ ಮಸಿಅರಿಬಿ ಇದಕ್ಕಿಂತ ಚಲೋ ಐತಿ."

ಬಾಳವ್ವ ತಲೆ ತಗ್ಗಿಸಿದಳು. ಕಂಬದ ಮರೆಯಿಂದ ಸಣ್ಣ ದನಿಯೊಂದು ಬಂತು: "ನಾ ಬಣ್ಣ ಹಾಕ್ತೀನ್ರಿ."

ಅದು ಕಿರಿಮಗಳು ಕಸ್ತೂರಿ. ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಬಂದವರ ಮುಂದೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

"ಕೆಟ್ಟರ?" ಎಂದಳು ದಾನವ್ವ.

ಕೆಟ್ಟರೆ ಅಜ್ಜಿಯ ಗುರುತೇ ಆ ಮನೆಯಲ್ಲಿ ಉಳಿಯುವುದಿಲ್ಲವೆಂದು ಕಸ್ತೂರಿಗೂ ಗೊತ್ತಿತ್ತು, ನನಗೂ.

ಹತ್ತಿಗೆ ಹಾಕುವ ಹಸಿರು ಪುಡಿ, ಅದರ ಬಣ್ಣ ಹಿಡಿಯಲು ವಾಷಿಂಗ್ ಸೋಡಾ. ರೇಷ್ಮೆಗೆ ಹಾಕುವ ಕೆಂಪು ಪುಡಿ, ಅದಕ್ಕೆ ಗೋಬಿ ಗಾಡಿಯವನಲ್ಲಿ ಕೇಳಿ ತಂದ ವಿನಿಗರ್. ಎಲ್ಲ ಸಿದ್ಧವಾದಾಗ ಬಾಳವ್ವ, "ಎಲ್ಲಾ ಒಂದ ಬೋಗಾಣ್ಯಾಗ ಹಾಕಿಬಿಡ, ಗ್ಯಾಸ ಉಳೀತೈತಿ" ಅಂದಳು. ಕಸ್ತೂರಿ ಹಾಗೆಯೇ ಮಾಡಿದಳು. ಆದರೆ ನನ್ನನ್ನು ಅದ್ದಲಿಲ್ಲ. ನನ್ನ ಒಳತುದಿಯಿಂದ ಕತ್ತರಿಸಿದ ಒಂದು ಬೆರಳಗಲದ ತುಂಡು, ಸೆರಗಿನ ಕುಚ್ಚಿನ ಒಂದೆರಡು ಎಳೆ, ಅಷ್ಟನ್ನೇ ಹಾಕಿದಳು.

ಬುಸ್ಸೆಂದು ನೊರೆ ಉಕ್ಕಿ ಒಲೆ ಆರಿತು. ತುಂಡು ಸಗಣಿನೀರಿನ ಬಣ್ಣದಲ್ಲಿ ಮೇಲೆ ಬಂತು. ಬಾಳವ್ವ ಹಣೆ ಬಡಿದುಕೊಂಡಳು. ಕಸ್ತೂರಿ ನೊರೆಯನ್ನೇ ನೋಡುತ್ತ ಕುಳಿತಳು.

"ಯವ್ವಾ, ಸೋಡಾ ವಿನಿಗರ್ ಅತ್ತಿ ಸೊಸಿ ಇದ್ದಂಗ. ಬ್ಯಾರೆ ಬ್ಯಾರೆ ಒಲಿ ಹೂಡಿದ್ರ ಸುಮ್ಮನಿರ್ತಾವ."

"ಮೆಲ್ಲಕ ಮಾತಾಡ, ಬೀಗತಿ ಕೇಳ್ಯಾಳು!" ಎಂದು ಬಾಳವ್ವ ನಕ್ಕಳು.

ಮರುದಿನ ಕಸ್ತೂರಿ ನನ್ನ ಸೆರಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸರಿಯಾಗಿ ಕೊಂಡಿಯ ಗೆರೆಯ ಮೇಲೆ ದಾರ ಬಿಗಿದಳು. ಒಡಲು ಉಗುರುಬೆಚ್ಚಗಿನ ಹಸಿರಿನಲ್ಲಿ ಮುಳುಗಿತು. ಎಂಥ ಬಾಯಾರಿಕೆ ನನಗೆ! ಎಳೆ ಎಳೆಯಲ್ಲೂ ಕುಡಿದೆ. ನನ್ನನ್ನು ಜಾಲಿಸಿ ಒಣಗಿಸಿ, ಈಗ ಒಡಲನ್ನು ಸುತ್ತಿ ಕಟ್ಟಿ, ಸೆರಗನ್ನಷ್ಟೇ ವಿನಿಗರಿನ ಬಿಸಿ ಕೆಂಪಿಗೆ ಇಳಿಬಿಟ್ಟಳು. ಒಡಲಂಚಿನ ಕೆಂಪು ದಡಿ ಮಾತ್ರ ಹಸಿರು ತಾಗಿ ಕಪ್ಪಾಗಿತ್ತು. ಇರಲಿ, ಕಾಡಿಗೆ ತೀಡಿದಂತೆ ಕಂಡಿತು.

ದಾರ ಬಿಚ್ಚಿದಾಗ ತಾಯಿ ಮಗಳು ಇಬ್ಬರೂ ಬಗ್ಗಿ ನೋಡಿದರು. ಕೊಂಡಿಯ ಈಚೆ ಗಿಳಿ, ಆಚೆ ಕುಂಕುಮ. ಒಂದರ ಬಣ್ಣ ಇನ್ನೊಂದಕ್ಕೆ ಒಂದು ಹನಿಯೂ ಹರಿದಿರಲಿಲ್ಲ.

ಕುಬಸದ ದಿನ ಶಿವಲೀಲಾ ಹಸಿರು ಬಳೆ ತೊಟ್ಟು ನನ್ನನ್ನು ಉಟ್ಟು ಕುಳಿತಳು. ದಾನವ್ವ ಹೆಬ್ಬೆರಳನ್ನು ನೀರಿಗದ್ದಿ, ಎಲ್ಲರೆದುರು ನನ್ನ ಕೊಂಡಿಯ ಮೇಲೆ ಗಸಗಸ ಉಜ್ಜಿದಳು. ಬೆರಳು ನೋಡಿಕೊಂಡಳು. ಏನೂ ಹತ್ತಿರಲಿಲ್ಲ. ಆಮೇಲೆ ತಾನೇ ಎದ್ದು ಕಂಬದ ಮರೆಗೆ ಹೋದಳು.

"ಕಸ್ತೂರಿ, ನನ್ನ ಕುಬಸದ ಸೀರಿನೂ ಐತವ್ವ. ಮಾಸೇತಿ. ನೋಡ್ತಿಯೇನು?"

"ತರ್ರಿ ಅತ್ತಿ," ಎಂದಳು ಕಸ್ತೂರಿ, ಕಂಬ ಬಿಟ್ಟು ಈಚೆ ಬಂದು.

ಈಗ ನನಗೆ ವಯಸ್ಸಾಗಿದೆ. ನೆರಿಗೆ ಹಿಡಿಯುವ ಕಡೆ ಹರಿದೆ. ನನ್ನನ್ನೂ ದಾನವ್ವನ ಸೀರೆಯನ್ನೂ ಕೂಡಿಸಿ ಕೌದಿ ಹೊಲಿದಿದ್ದಾರೆ. ಮೇಲೆ ಮಲಗುವುದು ಶಿವಲೀಲಾಳ ಕೂಸು. ದಿನವೂ ತೋಯಿಸುತ್ತದೆ, ದಿನವೂ ಒಗೆಯುತ್ತಾರೆ. ಬಿಸಿಲಿಗೆ ಹರವಿದಾಗ ಓಣಿಯವರು ನಿಂತು ನೋಡುತ್ತಾರೆ. ಇನ್ನೂ ಗಿಳಿ, ಇನ್ನೂ ಕುಂಕುಮ. ಬಣ್ಣ ಬಿಟ್ಟುಕೊಡಲು ನಾನೇನು ಮಸಿಅರಿಬಿಯೇ?